ಒನೇಲಿಯಾ ನೀರೆರೆದ ಬ್ಯಾಟರಿಗಳು

ಕೈಬಾರಿಯೆನ್ ಊರಿನಲ್ಲಿ ಕರೆಂಟ್ ಬಂದದ್ದು ಮೊದಲು ಗೊತ್ತಾಗುವುದು ಕಿವಿಗೆ. ಹಗಲಿನಲ್ಲಿ ದೀಪ ಯಾರ ಕಣ್ಣಿಗೂ ಬೀಳುವುದಿಲ್ಲ. ಬೀದಿಯ ತುದಿಯ ಮನೆಯವರು "ಬಂತು, ಬಂತು!" ಎಂದು ಕೂಗುತ್ತಾರೆ, ಆ ಕೂಗು ಮನೆಯಿಂದ ಮನೆಗೆ ದಾಟಿಕೊಂಡು ಸಮುದ್ರದ ಕಟ್ಟೆಯವರೆಗೆ ಹೋಗುತ್ತದೆ. ಒನೇಲಿಯಾಳ ಮನೆಯಲ್ಲಿ ಮಾತ್ರ ಆ ಕೂಗಿನ ಬೆನ್ನಿಗೇ ಜಗಳವೂ ಬರುತ್ತಿತ್ತು.

ಮನೆ ಅವಳ ತೀರಿಹೋದ ಗಂಡನ ಕಾಲದ್ದು, ವೈರೂ ಆ ಕಾಲದ್ದೇ. ಅನ್ನದ ಕುಕ್ಕರ್, ಸೊಸೆ ಮೈದೇಲಿಸಳ ಹೊಲಿಗೆ ಯಂತ್ರ, ಮಗ ಓಸ್ವಾನಿಯ ಮೂರು ಗಾಲಿಯ ಗಾಡಿಯ ಚಾರ್ಜರ್, ಇವುಗಳಲ್ಲಿ ಯಾವ ಎರಡನ್ನು ಒಟ್ಟಿಗೆ ಹಾಕಿದರೂ ಫ್ಯೂಸ್ ಹೋಗುತ್ತಿತ್ತು.

"ಮೊದ್ಲು ಅನ್ನ," ಎನ್ನುತ್ತಿದ್ದಳು ಒನೇಲಿಯಾ. "ಹೊಟ್ಟೆ ಖಾಲಿ ಇಟ್ಕೊಂಡು ಯಾರನ್ನ ಕೂರಿಸ್ಕೊಂಡು ಎಲ್ಲಿಗೆ ಹೋಗ್ತೀಯೋ?"

"ಗಾಡಿ ಓಡಿದ್ರೆ ತಾನೇ ಅಮ್ಮ, ಅಕ್ಕಿ ಬರೋದು?"

"ಉತ್ಸವದ ಬಟ್ಟೆ ರಾಶಿ ಬಿದ್ದಿದೆ," ಎಂದು ಮೈದೇಲಿಸ್ ಒಳಗಿನಿಂದಲೇ ಹೇಳುತ್ತಿದ್ದಳು. "ರೆಮೇದಿಯೋಸ್ ಊರಿನವರು ಹೇಳಿ ಕಳಿಸ್ತಾನೇ ಇದ್ದಾರೆ. ನಂದೂ ಕೆಲ್ಸಾನೇ, ಆಟ ಅಲ್ಲ."

ಮೊಮ್ಮಗಳು ಯಾನಾರಾ ನರ್ಸಿಂಗ್ ಓದುತ್ತಿದ್ದಳು. ಅವಳು ಗೋಡೆಗೊರಗಿ ನಿಂತು, "ನನ್ನ ಫೋನ್ ಸತ್ತು ಎರಡು ದಿನ ಆಯ್ತು. ಅದಕ್ಕೆ ಯಾರಾದ್ರೂ ಹೂವಾದ್ರೂ ಇಡ್ರಪ್ಪಾ," ಎನ್ನುವಳು. ಯಾರಾದರೂ ನಕ್ಕರೆ ಆ ದಿನದ ಜಗಳ ಅಲ್ಲಿಗೆ ಮುಗಿಯುತ್ತಿತ್ತು. ನಗದಿದ್ದರೆ ಊಟದವರೆಗೂ ನಡೆಯುತ್ತಿತ್ತು.

ಕೊನೆಗೆ ಒಂದು ಏರ್ಪಾಡಾಯಿತು. ಕರೆಂಟ್ ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಆ ಹೊತ್ತಿಗೆ ಖಂಡಿತವಾಗಿ ಮನೆಯಲ್ಲಿರುವವಳು ಒನೇಲಿಯಾ ಒಬ್ಬಳೇ. ಆದ್ದರಿಂದ ಕುಕ್ಕರ್ ಮೊದಲು, ಆಮೇಲೆ ಬ್ಯಾಟರಿ, ಉಳಿದ ಹೊತ್ತು ಯಂತ್ರ. ಮೂರನ್ನೂ ನೋಡಿಕೊಳ್ಳುವವಳು ಅವಳೇ.

ಓಸ್ವಾನಿ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಸೀಟು ಎತ್ತಿ ತೋರಿಸಿದ. ಸಾಲಾಗಿ ಕೂತ ಕಪ್ಪು ಪೆಟ್ಟಿಗೆಗಳು.

"ಇವು ಸೀಸದ ಬ್ಯಾಟರಿ ಅಮ್ಮ. ಒಳಗೆ ಆಸಿಡ್ ನೀರು. ಇವನ್ನ ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಇಳಿಸಿ ಹಾಗೇ ಬಿಡಲೂಬಾರದು, ಗಾಡಿ ಬಂದ ತಕ್ಷಣ ಹಾಕ್ಬೇಕು. ನಿಧಾನಕ್ಕೆ, ಪೂರ್ತಿ ತುಂಬ್ಬೇಕು. ತುಂಬಿದಾಗ ಒಳಗೆ ಗುಳ್ಳೆ ಏಳೋ ಸದ್ದು ಕೇಳತ್ತೆ."

"ಕಪ್ಪು ಬೀನ್ಸ್ ಬೇಯೋ ಹಾಗಾ?"

"ಹಾಗೇ. ಆದ್ರೆ ಹತ್ರ ಸಿಗಾರ್ ಹಚ್ಕೊಂಡು ಕೂರ್ಬೇಡ. ಆ ಗುಳ್ಳೆಯಿಂದ ಬರೋ ಗಾಳಿ ಭಗ್ ಅನ್ನತ್ತೆ. ಗಾಳಿ ಆಡೋ ಜಾಗದಲ್ಲೇ ಇರ್ಲಿ. ತುಂಬಿದ ಮೇಲೆ ನೀರು ಕಮ್ಮಿ ಇದ್ರೆ ಈ ಬಾಟ್ಲಿಯಲ್ಲಿರೋ ನೀರು ಹಾಕು. ಮೊದ್ಲೇ ಹಾಕಿದ್ರೆ ಉಕ್ಕತ್ತೆ."

"ನಿನ್ನನ್ನ ಸಾಕೋಕೆ ಇಷ್ಟು ಯಾರೂ ಹೇಳ್ಕೊಡ್ಲಿಲ್ಲ ನಂಗೆ," ಎಂದಳು ಒನೇಲಿಯಾ. ಆದರೆ ಒಂದು ಮಾತನ್ನೂ ಮರೆಯಲಿಲ್ಲ.

ಮೊದಮೊದಲು ಅದು ಅವಳಿಗೆ ಇನ್ನೊಂದು ಮನೆಗೆಲಸವಾಗಿತ್ತು. ಕ್ರಮೇಣ ಆ ಹೊತ್ತಿಗಾಗಿ ಅವಳು ಕಾಯತೊಡಗಿದಳು. ಮಧ್ಯಾಹ್ನ ಊರೆಲ್ಲ ಮಲಗಿರುವಾಗ ಸೀಬೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಸಿಗಾರನ್ನು ಹಚ್ಚದೆ ಬಾಯಲ್ಲಿಟ್ಟುಕೊಂಡು ಕೂರುತ್ತಿದ್ದಳು. ಬ್ಯಾಟರಿಗಳು ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಒಂದೊಂದಾಗಿ ಗುಳುಗುಳು ಎನ್ನತೊಡಗುವವು. ಕಣ್ಣು ಮುಚ್ಚಿದರೆ ಅದು ಪೆಟ್ಟಿಗೆಯೊಳಗಿನ ಸದ್ದು ಅನಿಸುತ್ತಿರಲಿಲ್ಲ. ಅವಳ ಗಂಡ ದ್ವೀಪಗಳ ಕಡೆ ದೋಣಿಯಲ್ಲಿ ಹೋಗಿ ಸಮುದ್ರದ ಸ್ಪಂಜು ತೆಗೆಯುತ್ತಿದ್ದವನು. ಅರೆನಿದ್ದೆಯಲ್ಲಿ ಅವನು ನೀರಿನಡಿಯಲ್ಲಿ ನಿಧಾನವಾಗಿ ನಡೆಯುತ್ತಿದ್ದ, ಅವನ ಉಸಿರು ಗುಳ್ಳೆಗಳಾಗಿ ಮೇಲೆ ಬರುತ್ತಿತ್ತು, ಅವಳು ದೋಣಿಯಲ್ಲಿ ಕೂತು ಬಗ್ಗಿ ನೋಡುತ್ತಿದ್ದಳು. ಅವನು ಮೇಲೆ ಬರುವ ಅವಸರದಲ್ಲಿರಲಿಲ್ಲ. ಅವಳಿಗೂ ಅವಸರವಿರಲಿಲ್ಲ. ಎಚ್ಚರವಾದಾಗ ಸೀಬೆ ಎಲೆಗಳ ನೆರಳು ಮಡಿಲಲ್ಲಿ ಆಡುತ್ತಿರುತ್ತಿತ್ತು. ಎದ್ದು ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಒಂದೊಂದು ತೂತಿಗೂ ಮಗುವಿಗೆ ಔಷಧಿ ಕುಡಿಸಿದಷ್ಟು ಹುಷಾರಾಗಿ ನೀರು ಬಿಡುತ್ತಿದ್ದಳು.

ಬಾಟಲಿಯ ನೀರು ಖಾಲಿಯಾದದ್ದನ್ನು ಅವಳು ಮಗನಿಗೆ ಹೇಳಲಿಲ್ಲ. ನೀರಿಗೇನು ಹೇಳುವುದು? ಹಿತ್ತಲ ಬಾವಿಯಿಂದ ಸೇದಿ, ಚೆನ್ನಾಗಿ ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಆರಿಸಿ ತುಂಬಿಟ್ಟಳು.

ಕೆಲವು ವಾರಗಳಲ್ಲಿ ಗಾಡಿ ದಣಿಯತೊಡಗಿತು. ಮೊದಲು ರೆಮೇದಿಯೋಸ್ ರಸ್ತೆಯ ಏರಿನಲ್ಲಿ ನಿಂತಿತು. ಆಮೇಲೆ ಊರೊಳಗೇ ನಿಲ್ಲತೊಡಗಿತು. ಎದುರುಮನೆಯ ಫೆರ್ಮಿನ್ ಕುದುರೆಗಾಡಿ ಓಡಿಸುವವನು. ಅವನು ಪಕ್ಕದಲ್ಲಿ ನಿಲ್ಲಿಸಿ ಕೇಳುತ್ತಿದ್ದ, "ಏನ್ ಓಸ್ವಾನಿ, ಒಂದು ಹಿಡಿ ಹುಲ್ಲು ಹಾಕ್ಲಾ ನಿನ್ನ ಗಾಡಿಗೆ?"

ಓಸ್ವಾನಿ ಬ್ಯಾಟರಿಗಳನ್ನು ರೆಮೇದಿಯೋಸ್‌ನ ರಿಪೇರಿಯವನ ಹತ್ತಿರ ಒಯ್ದ. ಅವನು ಒಂದನ್ನು ಬಿಚ್ಚಿ, ಒಳಗಿನ ತಗಡುಗಳನ್ನು ನೋಡಿ, ಉಪ್ಪುನೀರು ಹೋಗಿದೆ ಎಂದ. ಸಮುದ್ರದ ಪಕ್ಕದ ಬಾವಿಯ ನೀರನ್ನು ಎಷ್ಟು ಕುದಿಸಿದರೂ ಉಪ್ಪು ಉಪ್ಪೇ. ಈ ಬ್ಯಾಟರಿ ಕುಡಿಯುವುದು ಏನೂ ಬೆರೆಯದ ನೀರನ್ನು ಮಾತ್ರ.

ಮನೆಗೆ ಬಂದವನು ತಾಯಿಯ ಎದುರು ತಟ್ಟೆಗೆ ಬೇಯಿಸಿದ ಮರಗೆಣಸು ಹಾಕಿಕೊಳ್ಳುತ್ತ, "ವಯಸ್ಸಾಗಿತ್ತಂತೆ ಅವಕ್ಕೆ. ನೀನು ನೋಡ್ಕೊಂಡಿದ್ದಕ್ಕೆ ಇಷ್ಟು ದಿನ ಬಂದ್ವು," ಎಂದ.

ನಿಜವನ್ನು ಹೇಳಿದ್ದು ಹೆಂಡತಿಗೆ ಮಾತ್ರ. ಮಯಾಮಿಯಲ್ಲಿದ್ದ ಅವಳ ಅಣ್ಣ ಹೊಸ ಹೊಲಿಗೆ ಯಂತ್ರ ಕಳಿಸುವುದಾಗಿ ಮಾತು ಕೊಟ್ಟಿದ್ದ. ಇದ್ದ ಯಂತ್ರ ದಾರ ಹರಿಯುತ್ತಿತ್ತು, ಜರಿಬಟ್ಟೆಯನ್ನಂತೂ ಹೊಲಿಯುತ್ತಲೇ ಇರಲಿಲ್ಲ. ಮರುದಿನ ಅವಳು ಸಿಗ್ನಲ್ ಸಿಗುವ ಕಟ್ಟೆಯ ಹತ್ತಿರ ಹೋಗಿ ಅಣ್ಣನಿಗೆ ಫೋನ್ ಮಾಡಿದಳು. "ಯಂತ್ರ ಬೇಡ ಅಣ್ಣ. ಓಸ್ವಾನಿ ಗಾಡಿಗೆ ಬ್ಯಾಟರಿ ಕಳಿಸು," ಎಂದಳು. ಮನೆಗೆ ಬಂದು ಆ ಹಳೆಯ ಯಂತ್ರಕ್ಕೇ ಎಣ್ಣೆ ಬಿಟ್ಟಳು.

ಬಂದದ್ದು ಲಿಥಿಯಂ ಬ್ಯಾಟರಿ. ಒಂದೇ ಒಂದು ನೀಲಿ ಪೆಟ್ಟಿಗೆ. ಓಸ್ವಾನಿ ಅದನ್ನು ತೋಳಲ್ಲಿ ಎತ್ತಿಕೊಂಡು ಹಜಾರದಲ್ಲೆಲ್ಲ ಓಡಾಡಿದ.

"ಎಷ್ಟು ಹಗುರ ನೋಡಮ್ಮ! ಇದಕ್ಕೆ ನೀರೂ ಬೇಡ, ಕಾಯೋದೂ ಬೇಡ. ಕಂಠಮಟ್ಟ ತುಂಬೋದೂ ಬೇಡ, ಸ್ವಲ್ಪ ಕಮ್ಮಿ ಇದ್ರೇ ಇದಕ್ಕೆ ಆರಾಮ. ಪೂರ್ತಿ ಬರಿದು ಮಾಡ್ಬಾರ್ದು, ಓಡಿಸಿ ಬಂದು ಬಿಸಿ ಇರೋವಾಗ ಹಾಕ್ಬಾರ್ದು. ಮತ್ತೆ ಇದರ ಚಾರ್ಜರ್ ಇದಕ್ಕೇ. ಹಳೇದು ಆಗಲ್ಲ, ಇದು ಬೇರೆ ಜಾತಿ."

"ಸದ್ದು ಮಾಡತ್ತಾ?"

"ಇಲ್ಲ."

ಒನೇಲಿಯಾ ಮರುದಿನವೂ ಸೀಬೆ ಮರದ ಕೆಳಗೆ ಕೂತಳು. ಲಿಥಿಯಂ ಮಾತಾಡಲಿಲ್ಲ. ಅದರ ಮೇಲೆ ಕೈಯಿಟ್ಟು ನೋಡಿದಳು. ಗೋಡೆಯ ಮೇಲೆ ಕೈಯಿಟ್ಟ ಹಾಗಿತ್ತು. ಸ್ವಲ್ಪ ಹೊತ್ತಿಗೆ ಒಳಗೆ ಹೋಗಿ, ಬೇರೇನೂ ತೋಚದೆ ಅಕ್ಕಿ ಆರಿಸಿದಳು.

ಗಾಡಿ ಗಾಳಿಯಂತೆ ಓಡುತ್ತಿದ್ದ ಆ ದಿನಗಳಲ್ಲಿ ಮನೆಗೆ ಮೀನು ಬಂತು, ಒಂದು ಭಾನುವಾರ ಹಂದಿಮಾಂಸವೂ ಬಂತು. ಆಮೇಲೊಂದು ಬೆಳಿಗ್ಗೆ ಕರೆಂಟ್ ಬಂದ ರಭಸಕ್ಕೆ ಹೊಸ ಚಾರ್ಜರ್ ಚಟ್ ಎಂದು ಸುಟ್ಟುಹೋಯಿತು. ಇನ್ನೊಂದು ಬರಬೇಕಾದರೆ ಮಯಾಮಿಯಿಂದಲೇ ಬರಬೇಕು. ಓಸ್ವಾನಿ ಎರಡು ದಿನ ಗಾಡಿಯ ಸುತ್ತ ಓಡಾಡಿದ. ಮೂರನೆಯ ದಿನ ಮೂಲೆಯಿಂದ ಸೀಸದ ಬ್ಯಾಟರಿಗಳ ಚಾರ್ಜರ್ ತೆಗೆದು ಧೂಳು ಒರೆಸಿದ.

"ಅದು ಬೇರೆ ಜಾತಿ ಅಂದಿದ್ದೆ?" ಎಂದಳು ಒನೇಲಿಯಾ.

"ಊರಲ್ಲಿ ಎಲ್ರೂ ಹಾಕ್ತಾರಮ್ಮ. ಸ್ವಲ್ಪ ಹೊತ್ತು ಅಷ್ಟೇ. ಎಲ್ಲಿ ನಿಲ್ಲಿಸ್ಬೇಕು ಅಂತ ಈ ಚಾರ್ಜರಿಗೆ ಗೊತ್ತಾಗಲ್ಲ, ನಾನೇ ನಿಲ್ಲಿಸಿದ್ರಾಯ್ತು."

ಅವನು ಸ್ನಾನಕ್ಕೆ ಹೋದಾಗ ಅವಳು ಪೆಟ್ಟಿಗೆ ಮುಟ್ಟಿ ನೋಡಿದಳು. ಜ್ವರ ಬಂದ ಮಗುವಿನ ಹಣೆಯಂತೆ ಬೆಚ್ಚಗಿತ್ತು. ಪ್ಲಗ್ ಕಿತ್ತಳು. ಅಷ್ಟರಲ್ಲಿ ಕರೆಂಟೂ ಹೋಯಿತು. ಹೇಳಲು ಮರೆತಳೋ, ಹೇಳಿದರೆ ರೇಗುತ್ತಾನೆಂದು ಸುಮ್ಮನಾದಳೋ, ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಮರುದಿನ ಓಸ್ವಾನಿ ಜನರನ್ನು ತುಂಬಿಕೊಂಡು ಹೋಗಿ ದಾರಿಯ ನಡುವೆ ನಿಂತುಬಿಟ್ಟ. ಫೆರ್ಮಿನ್ ತನ್ನ ಕುದುರೆಗೆ ಹಗ್ಗ ಕಟ್ಟಿ ಗಾಡಿಯನ್ನು ಊರಿಡೀ ಎಳೆದು ತಂದ. ಮಕ್ಕಳು ಹಿಂದೆ ಕುಣಿಯುತ್ತ ಬಂದವು.

ಅಂದಿನ ಊಟ ಅನ್ನ, ಬೀನ್ಸ್, ಹುರಿದ ಬಾಳೆಕಾಯಿ. ಓಸ್ವಾನಿ ಚಮಚ ಇಟ್ಟ.

"ಪ್ಲಗ್ ಯಾರು ತೆಗೆದಿದ್ದು?"

"ನಾನು. ಸುಡ್ತಿತ್ತು."

"ನನ್ನನ್ನ ಕೇಳ್ಬೇಕಿತ್ತು ತಾನೆ? ಎಲ್ಲಾದಕ್ಕೂ ಕೈ ಹಾಕ್ತೀಯಲ್ಲಮ್ಮ! ಫೆರ್ಮಿನ್ ಕುದುರೆ ಹಿಂದೆ ಬಂದೆ ನಾನು, ಇಡೀ ಊರು ನೋಡ್ತಿತ್ತು."

"ಸುಡ್ತಿತ್ತು ಅಂದ್ನಲ್ಲ. ಬ್ಯಾಟರಿ ವಿಷ್ಯ ನಂಗೂ ಸ್ವಲ್ಪ ಗೊತ್ತು ಕಣೋ. ಹಳೇವನ್ನ ನೋಡ್ಕೊಂಡಿದ್ದು ನಾನೇ."

ಮೈದೇಲಿಸ್ ತಟ್ಟೆಯಿಂದ ತಲೆಯೆತ್ತಿದಳು. "ಹೌದು, ನೋಡ್ಕೊಂಡ್ರಿ. ಬಾವಿ ನೀರು ಹಾಕಿ ಸಾಯಿಸಿದ್ರಿ."

"ಮೈದೇಲಿಸ್," ಎಂದ ಓಸ್ವಾನಿ.

"ಎಷ್ಟು ದಿನ ಮುಚ್ಚಿಡ್ತೀಯ? ವಯಸ್ಸಾಗಿ ಸತ್ತಿದ್ದಲ್ಲ ಅತ್ತೆ ಅವು. ನಿಮ್ಮ ಉಪ್ಪುನೀರು ಕುಡಿದು ಸತ್ತಿದ್ದು. ನಂಗೆ ಹೊಲಿಗೆ ಯಂತ್ರ ಬರ್ಬೇಕಿತ್ತು. ಅದ್ರ ಬದ್ಲು ಈ ನೀಲಿ ಪೆಟ್ಟಿಗೆ ಬಂತು. ನಾನು ಬಾಯಿ ಬಿಟ್ಟಿದ್ದೀನಾ ಇಷ್ಟು ದಿನ?"

ಯಾನಾರಾ ಕೂಡ ತಮಾಷೆ ಮಾಡಲಿಲ್ಲ. ಒನೇಲಿಯಾ ಮಗನ ಮುಖ ನೋಡಿದಳು. ಅವನು ಬೀನ್ಸ್ ಕಲಸುತ್ತಿದ್ದ.

"ಕುದಿಸಿದ್ದೆ," ಎಂದಳು. "ಸೋಸಿದ್ದೆ ಕೂಡ."

ಎದ್ದು ತನ್ನ ತಟ್ಟೆ ತೊಳೆದಳು. ಎಲ್ಲರ ತಟ್ಟೆಗಳಿಗೂ ಕಾದಳು, ಅವನ್ನೂ ತೊಳೆದಳು.

ಅಂದಿನಿಂದ ಅವಳು ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಕೂಗು ಬಂದರೆ ಬೀದಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಮನೆಗೆ ಬೆನ್ನು ಮಾಡಿ ಕೂರುತ್ತಿದ್ದಳು. ಅನ್ನವನ್ನು ಇದ್ದಿಲ ಒಲೆಯಲ್ಲೇ ಮಾಡುತ್ತಿದ್ದಳು. ಕುಕ್ಕರ್ ಖಾಲಿ ಕೂತಿತು. ಮೈದೇಲಿಸ್‌ಗೆ ಹೊಲಿಯಲು ಹೊತ್ತು ಸಿಕ್ಕಿತು, ಆದರೆ ಹೊಲಿಗೆ ನೆಟ್ಟಗೆ ಬರುತ್ತಿರಲಿಲ್ಲ. ಹೊಲಿದದ್ದನ್ನೇ ಬಿಚ್ಚಿ ಹೊಲಿಯುತ್ತಿದ್ದಳು. ಮನೆಯೊಳಗೆ ಎಲ್ಲರೂ ಮೆಲ್ಲಗೆ ನಡೆಯುತ್ತಿದ್ದರು, ನೀರಿನೊಳಗೆ ನಡೆಯುವವರ ಹಾಗೆ.

ಒಂದು ಮಧ್ಯಾಹ್ನ ಓಸ್ವಾನಿ ಬಿಸಿಲಲ್ಲಿ ಗಾಡಿ ಓಡಿಸಿ ಬಂದವನೇ ಬ್ಯಾಟರಿಯನ್ನು ಹಿತ್ತಲ ಒಗೆಯುವ ಕಲ್ಲಿನ ಮೇಲಿಟ್ಟು, ಹಳೆಯ ಚಾರ್ಜರಿಗೆ ಸಿಕ್ಕಿಸಿದ. ಕಾಯುತ್ತೇನೆಂದು ಹಜಾರದ ತೂಗುಕುರ್ಚಿಯಲ್ಲಿ ಕೂತ. ಎರಡು ತೂಗುವಷ್ಟರಲ್ಲಿ ನಿದ್ದೆ ಹೋದ. ಮೈದೇಲಿಸ್ ದಾರ ತರಲು ಹೋಗಿದ್ದಳು. ಒನೇಲಿಯಾ ಬೀದಿ ಬಾಗಿಲಲ್ಲಿದ್ದಳು. ಬೆಳಕು ರಸ್ತೆಯ ಮೇಲೆ ಹಾಲಿನಂತೆ ಹರಡಿಕೊಂಡಿತ್ತು. ದೂರದಲ್ಲಿ ಫೆರ್ಮಿನ್‌ನ ಕುದುರೆ ನಿಂತಲ್ಲೇ ಕನಸು ಕಾಣುತ್ತಿತ್ತು.

ಸಿಹಿಯಾದ ಒಂದು ವಾಸನೆ ಬಂತು. ಯಾನಾರಾ ಉಗುರಿನ ಬಣ್ಣ ತೆಗೆಯುತ್ತಿದ್ದಾಳೆ ಅಂದುಕೊಂಡಳು. ಎಷ್ಟು ಹಚ್ಚುತ್ತಾಳೋ, ಎಷ್ಟು ತೆಗೆಯುತ್ತಾಳೋ ಈ ಹುಡುಗಿ. ಹಾಗೇ ಕಣ್ಣು ಮುಚ್ಚಿದಳು. ಯಾನಾರಾ ಕಾಲೇಜಿಗೆ ಹೋಗಿದ್ದಾಳೆಂಬುದು ಆಮೇಲೆ ನೆನಪಾಯಿತು.

ಓಡಿದಳು. ನೀಲಿ ಪೆಟ್ಟಿಗೆ ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು. ಸಂದಿನಿಂದ ತೆಳುವಾದ ಬಿಳಿ ಹೊಗೆ ಸೀಟಿ ಹಾಕುತ್ತ ಏಳುತ್ತಿತ್ತು. ಮುಟ್ಟಲಿಲ್ಲ. ಹಜಾರಕ್ಕೆ ಬಂದು ಮೇನ್ ಸ್ವಿಚ್ ಎಳೆದಳು, ಕಾಲಿನ ಚಪ್ಪಲಿ ಕಿತ್ತು ಮಗನ ಭುಜಕ್ಕೆ ಬಾರಿಸಿದಳು.

"ಏಳೋ! ಬೀದಿಗೆ ನಡಿ!"

"ಬ್ಯಾಟರಿ—"

"ಅದರ ಮನೆ ಹಾಳಾಗ! ನಡಿ ಅಂದೆ!"

ಅವನು ಹಿತ್ತಲ ಕಡೆ ಹೆಜ್ಜೆ ಇಟ್ಟ. ಅವಳು ಎರಡೂ ಕೈಯಲ್ಲಿ ಅವನ ಅಂಗಿ ಹಿಡಿದು ಎಳೆದಳು. ಅಂಗಿ ಹರಿಯಿತು, ಅವಳು ಬಿಡಲಿಲ್ಲ. ಅವರು ರಸ್ತೆ ಮುಟ್ಟುವಷ್ಟರಲ್ಲಿ ಹಿಂದೆ ಪಟಾಕಿಯಂತೆ ಸಿಡಿಯತೊಡಗಿತು. ಹೊಗೆ ಮನೆಯ ಮೇಲೆ ಎದ್ದು, ಗಾಳಿಯಿಲ್ಲದ್ದರಿಂದ ಅಲ್ಲೇ ಬಹಳ ಹೊತ್ತು ನಿಂತಿತು. ಒಳಗೆ ಹೋಗದಂತೆ ಫೆರ್ಮಿನ್ ಓಸ್ವಾನಿಯನ್ನು ತಬ್ಬಿ ಹಿಡಿದುಕೊಂಡ. ಅಗ್ನಿಶಾಮಕದವರು ಬಂದು ಮನೆಯನ್ನು ಉಳಿಸಿದರು. ಒಗೆಯುವ ಕಲ್ಲು ಎರಡು ಹೋಳಾಗಿತ್ತು. ಸೀಬೆ ಮರದ ಅರ್ಧ ಸುಟ್ಟಿತ್ತು.

ಮೈದೇಲಿಸ್ ಕೈಯಲ್ಲಿ ದಾರದ ಉಂಡೆಗಳನ್ನು ಹಿಡಿದುಕೊಂಡೇ ಓಡಿ ಬಂದಳು. ಗಂಡನನ್ನು ನೋಡಿದಳು, ಅವನ ಹರಿದ ಅಂಗಿ ನೋಡಿದಳು, ಅತ್ತೆಯ ಮುಷ್ಟಿಯಲ್ಲಿ ಇನ್ನೂ ಇದ್ದ ಅಂಗಿಯ ತುಂಡು ನೋಡಿದಳು.

"ಇವನು ಒಳಗೆ ಹೋಗ್ತಿದ್ದ," ಎಂದಳು ಒನೇಲಿಯಾ.

"ನಂಗೊತ್ತು ಇವನನ್ನ," ಎಂದಳು ಮೈದೇಲಿಸ್. ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

ಓಸ್ವಾನಿ ಒಂದು ವಾರ ಯಾರ ಮುಖವನ್ನೂ ನೋಡದೆ ಗೋಡೆಗೆ ಸುಣ್ಣ ಬಳಿದ. ತಪ್ಪು ತನ್ನದೆಂದು ಕೇಳಿದವರಿಗೆಲ್ಲ ಹೇಳಿದ, ಕೇಳದವರಿಗೂ ಹೇಳಿದ. ಗಾಡಿ ಬಟ್ಟೆ ಹೊದ್ದು ಮಲಗಿತು. ಊಟದಲ್ಲಿ ಮೀನು ಹೋಗಿ ಗೆಣಸು ಬಂತು. ಗೆಣಸು ಮೂರು ಹೊತ್ತೂ ಬಂದಾಗ ಯಾನಾರಾ, "ಇನ್ನು ನನ್ನನ್ನ ಹೂತ್ರೆ ಬಳ್ಳಿ ಏಳತ್ತೆ," ಎಂದಳು. ಬಹಳ ದಿನಗಳ ಮೇಲೆ ಒನೇಲಿಯಾ ನಕ್ಕಳು.

ಅವಳ ಕೋಣೆಯಲ್ಲಿ ಮದುವೆಯ ಕಾಲದ ಮಹಾಗನಿ ಬೀರು ಇತ್ತು, ಬಾಗಿಲಿಗೆ ಆಳೆತ್ತರದ ಕನ್ನಡಿ. ರೆಮೇದಿಯೋಸ್‌ನ ರಿಪೇರಿಯವನ ಹೆಂಡತಿಗೆ ಅದರ ಮೇಲೆ ಕಣ್ಣಿತ್ತು. ಒನೇಲಿಯಾ ಫೆರ್ಮಿನ್‌ನ ಜೊತೆ ಹೋಗಿ ಮಾತಾಡಿ ಬಂದಳು: ಬೀರು ಅವರಿಗೆ, ಹಳೆಯದಾದರೂ ಜೀವವಿರುವ ಸೀಸದ ಬ್ಯಾಟರಿಗಳು ತಮಗೆ.

"ಬೇಡಮ್ಮ," ಎಂದ ಓಸ್ವಾನಿ.

"ಅದರಲ್ಲಿ ನನ್ನ ಮುಖ ನೋಡಿ ನೋಡಿ ಸಾಕಾಗಿದೆ ಕಣೋ. ಅವರು ನೋಡ್ಕೊಳ್ಲಿ."

ಬೀರು ಕುದುರೆಗಾಡಿಯ ಮೇಲೆ ಮಲಗಿ ಹೋಯಿತು, ಕನ್ನಡಿ ಆಕಾಶಕ್ಕೆ. ಬೀದಿಯ ಹೆಂಚುಗಳು, ಮೋಡಗಳು, ಒಂದೆರಡು ಕಡಲಹಕ್ಕಿಗಳು ಅದರೊಳಗೆ ಈಜುತ್ತ ಹೋದವು. ಗಾಡಿ ತಿರುವು ದಾಟುವವರೆಗೆ ಅತ್ತೆ ಸೊಸೆ ಇಬ್ಬರೂ ನೋಡುತ್ತ ನಿಂತರು.

ಬ್ಯಾಟರಿಗಳು ಬಂದವು. ಮೊದಲ ಸಲ ಚಾರ್ಜಿಗೆ ಹಾಕುವಾಗ ಒನೇಲಿಯಾ ಹಿತ್ತಲಿಗೆ ಬರಲಿಲ್ಲ. ಮೈದೇಲಿಸ್ ಬಾಗಿಲಲ್ಲಿ ನಿಂತು ಕರೆದಳು.

"ಅತ್ತೆ, ಬನ್ನಿ. ಗುಳ್ಳೆ ಸದ್ದು ನಂಗೆ ಗೊತ್ತಾಗಲ್ಲ."

"ನಾನು ಮುಟ್ಟಲ್ಲ."

"ಮುಟ್ಬೇಡಿ. ಕೇಳಿ ಹೇಳಿ ಸಾಕು. ನೀರು ನಾನು ಹಾಕ್ತೀನಿ."

ಮೈದೇಲಿಸ್ ಕೈಯಲ್ಲಿ ಒಂದು ಪಿಂಗಾಣಿ ಬಟ್ಟಲಿತ್ತು. ಫ್ರಿಜ್ಜಿನ ಮೇಲಿನ ಅರೆಯಲ್ಲಿ ಕಟ್ಟಿದ ಹಿಮವನ್ನು ಕೆರೆದು, ಕರಗಲು ಇಟ್ಟಿದ್ದಳು. ಗಾಳಿಯ ತೇವವೇ ಹೆಪ್ಪುಗಟ್ಟಿದ್ದು. ಅದರಲ್ಲಿ ಉಪ್ಪಿಲ್ಲ, ಮಣ್ಣಿಲ್ಲ. ರಿಪೇರಿಯವನು ಹೇಳಿಕೊಟ್ಟಿದ್ದ. ಒನೇಲಿಯಾ ಬಟ್ಟಲಿಗೆ ಬಗ್ಗಿ ನೋಡಿದಳು.

"ಇಷ್ಟೇ ಆಗಿತ್ತಾ?" ಎಂದಳು. ಅವಳ ದನಿ ಸಣ್ಣದಾಗಿತ್ತು. "ನಮ್ಮ ಫ್ರಿಜ್ಜಲ್ಲೇ ಇತ್ತು."

"ನಂಗೂ ಗೊತ್ತಿರ್ಲಿಲ್ಲ ಅತ್ತೆ. ಯಾರಿಗೂ ಗೊತ್ತಿರ್ಲಿಲ್ಲ." ಮೈದೇಲಿಸ್ ಬಟ್ಟಲನ್ನು ಕೆಳಗಿಟ್ಟಳು. "ಅವತ್ತು ನಾನು ಊಟದ ಹೊತ್ತಲ್ಲಿ ಹಾಗೆ ಹೇಳ್ಬಾರ್ದಿತ್ತು."

"ಹೇಳಿದ್ದು ಸುಳ್ಳೇನಲ್ಲ."

"ಸುಳ್ಳಲ್ಲ. ಆದ್ರೂ."

ಅರ್ಧ ಸುಟ್ಟ ಮರದ ಕೆಳಗೆ ಎರಡು ಕುರ್ಚಿ ಬಿದ್ದವು. ಮೈದೇಲಿಸ್ ಕೈಹೊಲಿಗೆ ಹಿಡಿದು ಕೂತಳು. ಗುಳುಗುಳು ಶುರುವಾದಾಗ ಒನೇಲಿಯಾ ಬೆರಳೆತ್ತಿದಳು. ಇಬ್ಬರೂ ಮಾತು ನಿಲ್ಲಿಸಿ ಕೇಳಿದರು.

ದಿನ ಕಳೆದಂತೆ ಒನೇಲಿಯಾ ಚಾರ್ಜ್ ಆದ ಗಾಡಿಯನ್ನು ತಾನೇ ಹಿತ್ತಲಿಂದ ಬೀದಿಗೆ ತಿರುಗಿಸಿ ನಿಲ್ಲಿಸತೊಡಗಿದಳು. ಆಮೇಲೆ ಬೀದಿಯ ತುದಿಯವರೆಗೆ ಹೋಗಿ ಬಂದಳು. ಆಮೇಲೆ ಕಟ್ಟೆಯವರೆಗೆ. ಓಸ್ವಾನಿ ಪಕ್ಕದಲ್ಲಿ ಕೂತು, "ಒಮ್ಮೆಲೇ ಒತ್ತಬೇಡಮ್ಮ, ಮೆಲ್ಲಗೆ. ರಭಸ ಮಾಡಿದ್ರೆ ಬೇಗ ಇಳಿಯತ್ತೆ," ಎನ್ನುತ್ತಿದ್ದ. ಅವಳು ಆ ಊರಿನಲ್ಲಿ ಯಾರೂ ಹೋಗದಷ್ಟು ಮೆಲ್ಲಗೆ ಹೋಗುತ್ತಿದ್ದಳು.

ಉತ್ಸವ ಹತ್ತಿರ ಬಂದಾಗ ಊರಿಗೆ ಜ್ವರ ಬಂತು, ಕೀಲುಗಳನ್ನು ಹಿಡಿಯುವ ಜ್ವರ. ಓಸ್ವಾನಿ ಹಾಸಿಗೆ ಹಿಡಿದ. ಹೊಲಿದ ಬಟ್ಟೆಗಳು ಮೂಟೆ ಕಟ್ಟಿ ಸಿದ್ಧವಾಗಿದ್ದವು, ರೆಮೇದಿಯೋಸ್‌ಗೆ ಅವು ಆ ದಿನವೇ ಹೋಗಬೇಕಿತ್ತು. ಕಡೆಯ ಹೊಲಿಗೆಗಳಿಗಾಗಿ ಮೈದೇಲಿಸ್ ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಫೆರ್ಮಿನ್ ಕೂಡ ಮಲಗಿದ್ದ.

"ನಾನ್ ಕರ್ಕೊಂಡ್ ಹೋಗ್ತೀನಿ ನಡಿ," ಎಂದಳು ಒನೇಲಿಯಾ.

"ಅಮ್ಮ, ರಸ್ತೆ—" ಎಂದು ಓಸ್ವಾನಿ ಹಾಸಿಗೆಯಿಂದ ತಲೆಯೆತ್ತಿದ.

"ನೀನು ಸಾರು ಕುಡಿ. ಯಾನಾರಾ, ಇವನನ್ನ ಏಳೋಕೆ ಬಿಡ್ಬೇಡ."

"ಎದ್ರೆ ಇಂಜೆಕ್ಷನ್," ಎಂದಳು ಯಾನಾರಾ.

ಬೆಳಗಿನ ಮಂಜು ಇನ್ನೂ ಕಬ್ಬಿನ ಗದ್ದೆಗಳ ಮೇಲೆ ಮಲಗಿತ್ತು. ಗಾಡಿ ಸದ್ದೇ ಇಲ್ಲದೆ ಅದರೊಳಗೆ ಹೋಯಿತು. ರಸ್ತೆ ಮುಂದೆ ಹತ್ತು ಮಾರು ಕಾಣುತ್ತಿತ್ತು, ಹಿಂದೆ ಹತ್ತು ಮಾರು; ಉಳಿದ ಲೋಕವೆಲ್ಲ ಎಲ್ಲೋ ಹೋಗಿಬಿಟ್ಟಿತ್ತು. ಮೂಟೆಯ ಬಾಯಿಂದ ಜರಿಯ ಒಂದು ತೋಳು ಹೊರಬಂದು ಗಾಳಿಗೆ ಮೆಲ್ಲಗೆ ಕೈಬೀಸುತ್ತಿತ್ತು. ಮೈದೇಲಿಸ್ ಅತ್ತೆಯ ಪಕ್ಕದಲ್ಲೇ ಕೂತು, ಮೊದಲು ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಹೆದ್ರಿಕೆನಾ?"

"ಇಲ್ಲ," ಎಂದಳು ಮೈದೇಲಿಸ್. ಸ್ವಲ್ಪ ಹೊತ್ತಿಗೆ, "ಈಗಿಲ್ಲ," ಎಂದಳು.

ಆಮೇಲೆ ಅವಳ ಮಾತು ನಿಂತಿತು. ಏರು ಮುಗಿಯುವ ಹೊತ್ತಿಗೆ ಅವಳ ತಲೆ ಜಾರಿ ಒನೇಲಿಯಾಳ ಹೆಗಲ ಮೇಲೆ ಬಂದು ನಿಂತಿತು. ಉಸಿರು ಬೆಚ್ಚಗೆ ಕೊರಳಿಗೆ ತಾಗುತ್ತಿತ್ತು.

ರೆಮೇದಿಯೋಸ್‌ನ ಚರ್ಚಿನ ಗೋಪುರ ಮಂಜಿನಿಂದ ಹೊರಬಂತು. ಒನೇಲಿಯಾ ಚಾರ್ಜಿನ ಮುಳ್ಳು ನೋಡಿದಳು. ಬ್ಯಾಟರಿ ಇನ್ನೂ ಅರ್ಧಕ್ಕಿಂತ ಮೇಲಿತ್ತು. ಅವಳು ಊರೊಳಗೆ ಹೋಗದೆ, ಹೆಗಲು ಅಲುಗದ ಹಾಗೆ ಗಾಡಿಯನ್ನು ಮೆಲ್ಲಗೆ ತಿರುಗಿಸಿ, ಗದ್ದೆಯ ಬದಿಯ ದಾರಿಯಲ್ಲಿ ಇನ್ನೊಂದು ಸುತ್ತು ಹೋದಳು.